ನಿಮಗಿದು ಗೊತ್ತೆ? ಒಂದೇ ಪಾತ್ರದಿಂದ ಅಮರಳಾದ ನಟಿ
ಪ್ಯಾರಿಸ್ಸಿನ ರಂಗಭೂಮಿಯಲ್ಲಿ ಹೆಸರಾಗಿದ್ದ ಫ್ರೆಂಚ್ ನಟಿ ರೆನೆ ಫಾಲ್ಕೊನೆಟ್ಟಿ (1892–1946) ಚಲನಚಿತ್ರದ ಇತಿಹಾಸದಲ್ಲಿ ಉಳಿದಿರುವುದು ಬಹುಮಟ್ಟಿಗೆ ಒಂದೇ ಪಾತ್ರದಿಂದ. ಡೆನ್ಮಾರ್ಕಿನ ನಿರ್ದೇಶಕ ಕಾರ್ಲ್ ಡ್ರೇಯರ್, 1431ರಲ್ಲಿ ಧರ್ಮದ್ರೋಹದ ಆರೋಪದ ಮೇಲೆ ಸುಡಲ್ಪಟ್ಟ ಜೋನ್ ಆಫ್ ಆರ್ಕಳ ವಿಚಾರಣೆಯನ್ನು ಕುರಿತ 1928ರ ಮೂಕಿ ಚಿತ್ರದಲ್ಲಿ, ಜೋನ್‌ಳ ಪಾತ್ರ ವಹಿಸಿದ್ದ ಫಾಲ್ಕೊನೆಟ್ಟಿಯ ಪ್ರಸಾಧನವಿಲ್ಲದ ಮುಖವನ್ನು ಸಮೀಪಚಿತ್ರಗಳಲ್ಲಿ, ಅಂದರೆ ಪರದೆಯ ತುಂಬ ಮುಖವೇ ಕಾಣುವಂತೆ, ಸೆರೆಹಿಡಿದರು. ಮಾತಿನ ನೆರವಿಲ್ಲದೆ ಭಯ, ಭಕ್ತಿ, ದೃಢತೆಗಳನ್ನು ಕಣ್ಣುಗಳಲ್ಲೇ ತೋರಿದ ಆ ಅಭಿನಯಕ್ಕೆ ಸರಿಸಾಟಿಯಾದವು ವಿರಳ. ಆ ಬಳಿಕ ಆಕೆ ಬೇರೆ ಚಿತ್ರದಲ್ಲಿ ನಟಿಸಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ದಕ್ಷಿಣ ಅಮೆರಿಕಕ್ಕೆ ತೆರಳಿ ಬ್ಯೂನಸ್ ಐರಿಸ್‌ನಲ್ಲಿ ನಿಧನರಾದರು. ಚಿತ್ರದ ಮೂಲ ನೆಗೆಟಿವ್ ಬೆಂಕಿಗೆ ಆಹುತಿಯಾಗಿದ್ದು, ಮೊದಲ ಆವೃತ್ತಿಯ ಪ್ರತಿಯೊಂದು 1981ರಲ್ಲಿ ನಾರ್ವೆಯ ಮಾನಸಿಕ ಆಸ್ಪತ್ರೆಯೊಂದರಲ್ಲಿ ದೊರೆತುದರಿಂದಲೇ ಇಂದಿನ ಪ್ರೇಕ್ಷಕರಿಗೆ ಆ ಆವೃತ್ತಿ ದಕ್ಕಿದೆ.