ದೀಪ ಹತ್ತಿತು, ಪೆನ್‌ಡ್ರೈವ್ ಎಲ್ಲಿ?

ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಸಿಕ್ಕಿಸುತ್ತೀರಿ. ಅದರ ಪುಟ್ಟ ದೀಪ ಹತ್ತುತ್ತದೆ. ಆದರೆ ಪರದೆಯ ಮೇಲೆ ಏನೂ ಬರುವುದಿಲ್ಲ. ಕಿತ್ತು ಮತ್ತೆ ಸಿಕ್ಕಿಸಿದರೂ ಅಷ್ಟೆ. ಪಕ್ಕದಲ್ಲಿದ್ದವರ ತೀರ್ಪು ಸಿದ್ಧವಾಗಿರುತ್ತದೆ: "ಪೆನ್‌ಡ್ರೈವ್ ಹೋಯ್ತು" ಅಥವಾ "ಲಿನಕ್ಸ್‌ನಲ್ಲಿ ಇದೆಲ್ಲ ನಡೆಯಲ್ಲ, ವಿಂಡೋಸ್ ಹಾಕಿಸ್ಕೊ". ಇದಕ್ಕಿಂತ ಅಪಾಯದ ಸಲಹೆ ಇನ್ನೊಂದಿದೆ: "ಫಾರ್ಮ್ಯಾಟ್ ಮಾಡಿಬಿಡು, ಸರಿಹೋಗುತ್ತೆ."

ನನಗೂ ಹೀಗೇ ಆಗಿತ್ತು. ಸಂಶೋಧನೆಗೆಂದು ಹಿರಿಯರೊಬ್ಬರೊಡನೆ ಮಾಡಿದ ಮೂರು ಗಂಟೆಯ ಸಂದರ್ಶನ ವಾಯ್ಸ್ ರೆಕಾರ್ಡರಿನಲ್ಲಿತ್ತು. ಅದನ್ನು ಮತ್ತೊಮ್ಮೆ ಮಾಡಿಸುವ ಹಾಗಿರಲಿಲ್ಲ. ಉಬುಂಟು ಇರುವ ಲ್ಯಾಪ್‌ಟಾಪಿಗೆ ಸೇರಿಸಿದರೆ ರೆಕಾರ್ಡರ್ ಚಾರ್ಜ್ ಆಗುತ್ತಿತ್ತು, ಕಡತಗಳು ಮಾತ್ರ ಕಾಣುತ್ತಿರಲಿಲ್ಲ. ಚಾರ್ಜ್ ಆಗುತ್ತಿದೆಯೆಂದ ಮೇಲೆ ಕೇಬಲ್ ಸರಿಯೇ ಇರಬೇಕು ಎಂದುಕೊಂಡು ಅರ್ಧ ದಿನ ಲಿನಕ್ಸನ್ನು ಬೈದೆ. ಕೊನೆಗೆ ನೋಡಿದರೆ ತಪ್ಪು ಕೇಬಲ್ಲಿನದೇ!

ಸಿಕ್ಕಿಸಿದ ಮೇಲೆ ಏನಾಗುತ್ತದೆ?

1996ರಲ್ಲಿ ಬಂದ ಯುಎಸ್‌ಬಿಯ ಮೂಲ ವಿನ್ಯಾಸದಲ್ಲಿ ನಾಲ್ಕು ತಂತಿಗಳಿವೆ. ಎರಡು ತಂತಿಗಳು 5 ವೋಲ್ಟ್ ವಿದ್ಯುತ್ತಿಗೆ, ಇನ್ನೆರಡು ಮಾಹಿತಿಗೆ. ಸಾಧನಕ್ಕೆ ಮೊದಲು ವಿದ್ಯುತ್ ಸಿಗುತ್ತದೆ. ಆಮೇಲೆ ಅದು ಮಾಹಿತಿಯ ತಂತಿಗಳಲ್ಲೊಂದರ ವೋಲ್ಟೇಜ್ ಏರಿಸಿ "ನಾನು ಬಂದಿದ್ದೇನೆ" ಎಂದು ತಿಳಿಸುತ್ತದೆ. ಕಂಪ್ಯೂಟರ್ ಅದಕ್ಕೆ 1ರಿಂದ 127ರೊಳಗಿನ ಒಂದು ವಿಳಾಸ ಕೊಟ್ಟು, ನೀನು ಯಾರು ಎಂದು ಕೇಳುತ್ತದೆ. ಸಾಧನ ತನ್ನ ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ ಹೇಳುತ್ತದೆ. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್, ಅದಕ್ಕೆ ಹೊಂದುವ ಡ್ರೈವರನ್ನು ಹುಡುಕುತ್ತದೆ. ಕೊನೆಗೆ ಪೆನ್‌ಡ್ರೈವಿನೊಳಗಿನ ಕಡತ ವ್ಯವಸ್ಥೆಯನ್ನು ಓದಲಾದರೆ ಮಾತ್ರ ಪರದೆಯ ಮೇಲೆ ಚಿತ್ರ ಮೂಡುತ್ತದೆ.

ಅಂದರೆ ಒಟ್ಟು ನಾಲ್ಕು ಮೆಟ್ಟಿಲು: ವಿದ್ಯುತ್, ಪರಿಚಯ, ಡ್ರೈವರ್, ಕಡತ ವ್ಯವಸ್ಥೆ. ದೀಪ ಹತ್ತಿದೆ ಎಂದರೆ ಮೊದಲ ಮೆಟ್ಟಿಲು ಹತ್ತಿದ್ದಾಯಿತು ಎಂದಷ್ಟೇ ಅರ್ಥ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲ. ಅವು ಚಾರ್ಜ್ ಮಾಡಲು ಮಾತ್ರ. ನನ್ನ ಕೈಗೆ ಸಿಕ್ಕಿದ್ದೂ ಅಂಥದ್ದೇ.

ಪರಿಚಯವಾಗಿದೆಯೇ?

ಲಿನಕ್ಸ್‌ನಲ್ಲಿ ಇದನ್ನು ತಿಳಿಯುವುದು ಸುಲಭ. ಟರ್ಮಿನಲ್ ತೆರೆದು 'ಎಲ್‌ಎಸ್‌ಯುಎಸ್‌ಬಿ' ಎಂಬ ಆದೇಶವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ. ಸಾಧನ ಸಿಕ್ಕಿಸುವ ಮುಂಚೆ ಒಮ್ಮೆ, ಸಿಕ್ಕಿಸಿದ ಮೇಲೆ ಇನ್ನೊಮ್ಮೆ. ಎರಡನೆಯ ಪಟ್ಟಿಯಲ್ಲಿ ಹೊಸ ಸಾಲೊಂದು ಸೇರಿದ್ದರೆ ಪರಿಚಯವಾಗಿದೆ ಎಂದರ್ಥ. ಸೇರಿಲ್ಲದಿದ್ದರೆ ಡ್ರೈವರ್ ಹುಡುಕುತ್ತ ಕೂರುವುದು ವ್ಯರ್ಥ, ತೊಂದರೆ ಅದಕ್ಕಿಂತ ಕೆಳಗಿದೆ.

ಆಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಮೊದಲು ಕೇಬಲ್, ಆಮೇಲೆ ಪೋರ್ಟ್. ನಡುವೆ ಹಬ್ ಇದ್ದರೆ ತೆಗೆದು ನೇರವಾಗಿ ಸೇರಿಸಿ. ಡೆಸ್ಕ್‌ಟಾಪ್ ಆಗಿದ್ದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ. ಅದೇ ಪೋರ್ಟಿಗೆ ಬೇರೆ ಸಾಧನ, ಅದೇ ಸಾಧನಕ್ಕೆ ಬೇರೆ ಕಂಪ್ಯೂಟರ್ ಪ್ರಯತ್ನಿಸಿದರೆ ತಪ್ಪು ಯಾರದು ಎಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಹೊರಗಿನ ಹಾರ್ಡ್ ಡಿಸ್ಕ್ ಆಗಿದ್ದರೆ ವಿದ್ಯುತ್ತಿನ ಕೊರತೆಯೂ ಇರಬಹುದು: ಯುಎಸ್‌ಬಿ 2.0 ಪೋರ್ಟಿನಿಂದ 500 ಮಿಲಿ ಆಂಪಿಯರ್, 3.0 ಪೋರ್ಟಿನಿಂದ 900 ಮಿಲಿ ಆಂಪಿಯರ್ ಪಡೆಯುವುದಷ್ಟೇ ನಿಯಮ.

ಕರ್ನೆಲ್ ತನ್ನ ದಿನಚರಿಯನ್ನೂ ಬರೆಯುತ್ತಿರುತ್ತದೆ. ಅದನ್ನು ತೋರಿಸುವ ಆದೇಶ 'ಡಿಎಂಇಎಸ್‌ಜಿ'. ಬಹಳಷ್ಟು ಕಡೆ ಮುಂದೆ 'ಸುಡೊ' ಸೇರಿಸಿ ಪಾಸ್‌ವರ್ಡ್ ಕೊಡಬೇಕಾಗುತ್ತದೆ. ಸಾಧನ ಸಿಕ್ಕಿಸಿದ ಕೂಡಲೇ ಇದರ ಕೊನೆಯ ಸಾಲುಗಳನ್ನು ಓದಿ. ದೋಷ ಸಂಖ್ಯೆ -71 ಎಂದಿದ್ದರೆ ಮಾತುಕತೆ ಕೆಟ್ಟಿದೆ, -110 ಎಂದಿದ್ದರೆ ಸಾಧನ ಹೊತ್ತಿಗೆ ಸರಿಯಾಗಿ ಉತ್ತರಿಸಿಲ್ಲ. ಎರಡಕ್ಕೂ ಸಾಮಾನ್ಯ ಕಾರಣ ಕೇಬಲ್, ಪೋರ್ಟ್, ವಿದ್ಯುತ್ ಇಲ್ಲವೇ ಸಾಧನವೇ. ಒಂದು ಸಾಲೂ ಬಾರದಿದ್ದರೆ, ಮಾಹಿತಿಯ ತಂತಿಯಲ್ಲಿ ಯಾರೋ ಬಂದರೆಂಬುದೇ ಕಂಪ್ಯೂಟರಿಗೆ ತಿಳಿದಿಲ್ಲ ಎನ್ನಬಹುದು. ನನ್ನ ರೆಕಾರ್ಡರ್ ವಿಷಯದಲ್ಲಿ ಆಗಿದ್ದು ಇದೇ. ಆ ಮೌನ ನೋಡಿದ ಮೇಲೇ ನಾನು ಕೇಬಲ್ ಬದಲಿಸಿದ್ದು.

ಪರಿಚಯವಾಗಿದೆ, ಡಿಸ್ಕ್ ಇಲ್ಲ

ಪಟ್ಟಿಯಲ್ಲಿ ಸಾಧನ ಇದ್ದರೆ ಮುಂದಿನ ಆದೇಶ 'ಎಲ್‌ಎಸ್‌ಬಿಎಲ್‌ಕೆ'. ಇದು ಡಿಸ್ಕುಗಳನ್ನು ಅವುಗಳ ಗಾತ್ರದೊಡನೆ ತೋರಿಸುತ್ತದೆ. ಇಲ್ಲಿ ನಿಮ್ಮ ಪೆನ್‌ಡ್ರೈವ್ ಇಲ್ಲದಿದ್ದರೆ ಡ್ರೈವರ್ ಸೇರಿಕೊಂಡಿಲ್ಲ. ಕರ್ನೆಲ್ ಅಪ್‌ಡೇಟ್ ಆದ ಮೇಲೆ ಕಂಪ್ಯೂಟರನ್ನು ಮರಳಿ ಚಾಲೂ ಮಾಡದಿದ್ದರೆ ಕೆಲವು ಲಿನಕ್ಸ್ ಆವೃತ್ತಿಗಳಲ್ಲಿ ಹೀಗಾಗುತ್ತದೆ. ಒಂದು ರೀಸ್ಟಾರ್ಟ್ ಸಾಕು. ಕಚೇರಿಯ ಕಂಪ್ಯೂಟರಾದರೆ ಭದ್ರತೆಗಾಗಿ ಬೇಕೆಂದೇ ತಡೆದಿರಬಹುದು. ಮೊಬೈಲ್ ಆಗಿದ್ದರೆ ಈ ಪಟ್ಟಿಯಲ್ಲಿ ಅದನ್ನು ಹುಡುಕಬೇಡಿ. ಈಗಿನ ಆಂಡ್ರಾಯ್ಡ್ ಫೋನ್‌ಗಳು ಡಿಸ್ಕಿನಂತೆ ಕಾಣಿಸಿಕೊಳ್ಳುವುದಿಲ್ಲ. ಫೋನಿನ ಪರದೆಯಲ್ಲಿ ಚಾರ್ಜಿಂಗ್ ಬದಲು ಫೈಲ್ ವರ್ಗಾವಣೆ ಆರಿಸಿದರೆ ಕಡತಗಳು ಸಿಗುತ್ತವೆ.

ಡಿಸ್ಕ್ ಇದೆ, ತೆರೆಯುತ್ತಿಲ್ಲ

ಈಗ ಉಳಿದಿದ್ದು ಕಡತ ವ್ಯವಸ್ಥೆ. ದೊಡ್ಡ ಗಾತ್ರದ ಕಾರ್ಡುಗಳಲ್ಲಿ ಬಳಸುವ ಎಕ್ಸ್‌ಫ್ಯಾಟ್‌ಗೆ ಲಿನಕ್ಸ್ ಕರ್ನೆಲ್‌ನಲ್ಲೇ ಜಾಗ ಸಿಕ್ಕಿದ್ದು 2019ರ 5.4 ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯದರಲ್ಲಿ ಬೇರೆ ತಂತ್ರಾಂಶ ಹಾಕಿಕೊಳ್ಳಬೇಕು. ವಿಂಡೋಸ್ ಕಂಪ್ಯೂಟರಿನಿಂದ ಹಾಗೇ ಕಿತ್ತು ತಂದ ಎನ್‌ಟಿಎಫ್‌ಎಸ್ ಡಿಸ್ಕನ್ನು ತೆರೆಯಲು ಲಿನಕ್ಸ್ ಒಪ್ಪದಿರಬಹುದು. ಅದನ್ನು ಮರಳಿ ವಿಂಡೋಸ್‌ಗೆ ಸೇರಿಸಿ, ಕ್ರಮವಾಗಿ ಹೊರತೆಗೆದು ತಂದರೆ ಎಷ್ಟೋ ಸಲ ಸರಿಹೋಗುತ್ತದೆ. ಇನ್ನು ಪೆನ್‌ಡ್ರೈವಿನ ಗಾತ್ರ ಸೊನ್ನೆ ಎಂದು ತೋರಿಸುತ್ತಿದ್ದರೆ ಮಾತ್ರ "ಹೋಯ್ತು" ಎಂಬ ಅನುಮಾನಕ್ಕೆ ನಿಜವಾದ ಆಧಾರವಿದೆ: ಒಳಗಿನ ನಿಯಂತ್ರಕ ಮಾತನಾಡುತ್ತಿದೆ, ನೆನಪಿನ ಚಿಪ್ ಕೈಗೆ ಸಿಗುತ್ತಿಲ್ಲ.

ಫಾರ್ಮ್ಯಾಟ್ ಯಾಕೆ ಬೇಡ?

ಫಾರ್ಮ್ಯಾಟ್ ಮಾಡುವುದೆಂದರೆ ಹಳೆಯ ವಿಳಾಸಪಟ್ಟಿಯ ಮೇಲೆ ಹೊಸತನ್ನು ಬರೆಯುವುದು. ಮೊದಲೆರಡು ಮೆಟ್ಟಿಲಿನ ತೊಂದರೆಗೆ ಅದು ಮದ್ದೇ ಅಲ್ಲ. ನಾಲ್ಕನೆಯದರಲ್ಲಿ ಅದರಿಂದ ಪೆನ್‌ಡ್ರೈವ್ ಉಳಿಯಬಹುದು, ಫೋಟೋಗಳು ಉಳಿಯುವ ಭರವಸೆಯಿಲ್ಲ. ಒಳಗಿರುವುದು ಮುಖ್ಯವಾಗಿದ್ದರೆ ಮೊದಲು 'ಡಿಡಿರೆಸ್ಕ್ಯೂ' ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕಿನ ಪ್ರತಿ ತೆಗೆಯಿರಿ. ದುರಸ್ತಿಯಾಗಲಿ, 'ಫೋಟೋರೆಕ್' ಬಳಸಿ ಕಡತ ಹುಡುಕುವುದಾಗಲಿ, ಆ ಪ್ರತಿಯ ಮೇಲೆ ನಡೆಯಲಿ. ಸಾಧನ ತೀರಾ ಬಿಸಿಯಾಗುತ್ತಿದ್ದರೆ ಪ್ರಯೋಗ ನಿಲ್ಲಿಸಿ ಕಿತ್ತಿಡಿ.

ಕೊನೆಗೊಂದು ಅಭ್ಯಾಸ. ಕಡತ ನಕಲಾಯಿತು ಎಂದು ಪರದೆ ಹೇಳಿದರೂ ಲಿನಕ್ಸ್ ಅದರ ಭಾಗವನ್ನು ಇನ್ನೂ ತನ್ನ ನೆನಪಿನಲ್ಲೇ ಇಟ್ಟುಕೊಂಡಿರಬಹುದು. 'ಇಜೆಕ್ಟ್' ಒತ್ತಿದಾಗ ಉಳಿದದ್ದನ್ನು ಬರೆದು ಮುಗಿಸುತ್ತದೆ. ಅದಕ್ಕೆ ಮುಂಚೆ ಕಿತ್ತರೆ ಕಡತ ಅರ್ಧವಾಗುವುದಲ್ಲದೆ, ಮುಂದಿನ ಸಲ ಡಿಸ್ಕೇ ತೆರೆಯದಿರಬಹುದು. ನನ್ನ ಸಂದರ್ಶನ ಈಗ ಎರಡು ಬೇರೆ ಡಿಸ್ಕುಗಳಲ್ಲಿದೆ. ಆ ಕೇಬಲ್ಲಿಗೆ "ಚಾರ್ಜಿಗೆ ಮಾತ್ರ" ಎಂಬ ಚೀಟಿ ಅಂಟಿಸಿದ್ದೇನೆ.