ಕೀಲಿ ಕೊಟ್ಟ ಮಾತ್ರಕ್ಕೆ ಕಾರು ಕೈಬಿಡದು!

ಕಲಬುರಗಿ: ಹಳೇ ಕಾರು ಕೊಳ್ಳುವವನಿಗೆ ನೂರೆಂಟು ಚಿಂತೆ. ಮಾರುವವನಿಗೆ ಒಂದೇ ಚಿಂತೆ: ರೊಕ್ಕ ಕೈಗೆ ಬಂತೋ ಇಲ್ಲವೋ! ಬಂತೆಂದರೆ ಮುಗೀತು. ಬಾಂಡ್ ಪೇಪರ್ ಮೇಲೆ ಸಹಿ ಜಡಿದು, ಕೀಲಿ ಕೊಟ್ಟು, ಚಹಾ ಕುಡಿದು ಮನೆ ಹಾದಿ ಹಿಡಿಯುತ್ತಾನೆ. ದನದ ಸಂತೆಯಲ್ಲಾದರೆ ಇಷ್ಟು ಸಾಕು. ಕಾರಿನ ವ್ಯವಹಾರದಲ್ಲಿ ಸಾಲದು.

ಕಮಲಾಪುರದ ಸಾಹುಕಾರರೊಬ್ಬರು ತಮ್ಮ ಕೆಎ-32 ನಂಬರಿನ ಕಾರನ್ನು ಕಲಬುರಗಿಯ ಏಜೆಂಟನಿಗೆ ಮಾರಿದರು ಎನ್ನಿ. "ಹೆಸರು ಆಮ್ಯಾಲೆ ಬದಲಿ ಮಾಡಿಸ್ಕೊಂಡ್ರಾತು ಬಿಡ್ರಿ ಸಾವ್ಕಾರ್ರೆ" ಎನ್ನುತ್ತಾನೆ ಅವನು. ಏಜೆಂಟನಿಂದ ಕಾರು ಹುಮನಾಬಾದಿಗೆ, ಅಲ್ಲಿಂದ ಜಹೀರಾಬಾದಿಗೆ. ಆರ್.ಸಿ.ಯಲ್ಲಿ ಮಾತ್ರ ಸಾಹುಕಾರರ ಹೆಸರು ಅಲುಗಾಡಿಲ್ಲ. ಸಿಗ್ನಲ್ ಹಾರಿದ ದಂಡದ ನೋಟಿಸು ಬರುವುದು ಕಮಲಾಪುರಕ್ಕೇ!

ದಂಡವಾದರೆ ಕಟ್ಟಿ ಕೈತೊಳೆದುಕೊಳ್ಳಬಹುದು. ಅಪಘಾತವಾದರೆ? 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇಂಥದೇ ಪ್ರಕರಣ ತೀರ್ಮಾನಿಸಿತು. 2007ರಲ್ಲಿ ಮಾರಿದೆನೆಂದು ಮಾಲೀಕ ಹೇಳಿದ ಕಾರು ಕೈಯಿಂದ ಕೈಗೆ ದಾಟಿ, 2009ರಲ್ಲಿ ರಿವರ್ಸ್ ಬರುತ್ತ ಬೀದಿಯಲ್ಲಿ ಹೋಗುತ್ತಿದ್ದವರಿಗೆ ಗುದ್ದಿ, ಒಂದು ಜೀವ ಹೋಗಿತ್ತು. "ನಾನು ಎಂದೋ ಮಾರಿದ್ದೇನೆ" ಎಂಬ ವಾದ ನಡೆಯಲಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದಿತು ಕೋರ್ಟು. ಬಾಂಡ್ ಪೇಪರ್ ಪೆಟ್ಟಿಗೆಯಲ್ಲೇ ಉಳಿದರೆ ಆಗುವ ಫಜೀತಿ ಇದು.

ನೋಡಿ ಕೊಳ್ಳಿ

ಕೊಳ್ಳುವವನೂ ಕಣ್ಣು ಬಿಟ್ಟಿರಬೇಕು. ಹಳೇ ಗಾಡಿಯನ್ನು ಬೆಳಗಿನ ತಂಪಿನಲ್ಲಿ, ಎಂಜಿನ್ ಕಾಯುವ ಮುನ್ನ ನೋಡಬೇಕು. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ ಎಂದರ್ಥ. ಆಯಿಲ್ ಮುಚ್ಚಳದಡಿ ಹಾಲಿನಂಥ ಕೆನೆ ಕಂಡರೆ ನೀರು ಸೇರಿದ ಶಂಕೆ. ಟೈರು ಒಂದೇ ಬದಿಗೆ ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ, ಇಲ್ಲವೇ ಗಾಡಿ ಎಲ್ಲೋ ಪೆಟ್ಟು ತಿಂದಿದೆ.

ಮೀಟರ್ ಮೂವತ್ತು ಸಾವಿರ ಕಿ.ಮೀ. ತೋರಿಸಿ, ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ ಪೆಡಲನ್ನೇ ನಂಬಿ! 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿದ್ದನ್ನು ಜಿಲ್ಲೆಯ ಜನ ಮರೆತಿಲ್ಲ. ಸೀಟಿನ ಹಳಿಯಲ್ಲಿ ಒಣಮಣ್ಣು, ಒಳಗೆ ಮುಗ್ಗುಲು ವಾಸನೆ ಇದ್ದರೆ ಕಾರು ನೀರಲ್ಲಿ ನಿಂತಿದ್ದಿರಬಹುದು.

ಚಾಸಿ ನಂಬರು, ಎಂಜಿನ್ ನಂಬರು ಆರ್.ಸಿ.ಗೆ ತಾಳೆಯಾಗಲೇಬೇಕು. ಬ್ಯಾಂಕ್ ಸಾಲ ತೀರಿದೆ ಎಂಬ ಬಾಯಿಮಾತು ಬೇಡ. ಬ್ಯಾಂಕಿನ ಎನ್.ಒ.ಸಿ. ಮತ್ತು ಫಾರಂ 35 ಕೇಳಿ. ಬಾಕಿ ದಂಡ, ವಿಮೆ ಅವಧಿ ಎಲ್ಲವನ್ನೂ ಮೊಬೈಲಿನಲ್ಲೇ ನೋಡಬಹುದು.

ಹೆಸರು ಬದಲಾಗಲಿ

ಕಾಗದದ ದಾರಿ ಕಠಿಣವೇನಲ್ಲ. ಮಾರುವವನು ಫಾರಂ 29ರಲ್ಲಿ ತಿಳಿವಳಿಕೆ ಕೊಡಬೇಕು. ರಾಜ್ಯದೊಳಗಾದರೆ 14 ದಿನ, ಹೊರರಾಜ್ಯಕ್ಕಾದರೆ 45 ದಿನ ಗಡುವು. ಹೊರರಾಜ್ಯದ ವ್ಯವಹಾರಕ್ಕೆ ಫಾರಂ 28ರ ನಿರಾಕ್ಷೇಪಣೆ ಪತ್ರವೂ ಬೇಕು. ಫಾರಂ 30ಕ್ಕೆ ಇಬ್ಬರ ಸಹಿ. ಕೊಂಡವನಿಗೆ ಗಡುವು 30 ದಿನ. ಸೋಲಾಪುರ, ಹೈದರಾಬಾದಿನಿಂದ "ಅಗ್ಗಕ್ಕ ಸಿಕ್ಕಾದ" ಎಂದು ಕಾರು ತರುವವರು ಕರ್ನಾಟಕದ ತೆರಿಗೆಯನ್ನೂ ಲೆಕ್ಕ ಹಾಕಲಿ. ಅಗ್ಗ ಅಲ್ಲಿಗೇ ಕರಗೀತು!

ವಿಮೆಯನ್ನೂ ಮರೆಯಬಾರದು. ಕೊಂಡವನು 14 ದಿನದೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ತಿಳಿಸದೆ ಕಾರು ಜಜ್ಜಿಕೊಂಡರೆ ರಿಪೇರಿ ಖರ್ಚು ಸ್ವಂತ ಕಿಸೆಯಿಂದ. ನೋ ಕ್ಲೇಮ್ ಬೋನಸ್ ಹಳೇ ಮಾಲೀಕನದು, ಕಾರಿನ ಜೊತೆ ಬರುವುದಿಲ್ಲ.

ಹಾಗಾದರೆ ಏಜೆಂಟನಿಗೆ ಮಾರಲೇಬಾರದೆ? ಮಾರಬಹುದು. 2023ರ ಏಪ್ರಿಲ್ 1ರಿಂದ ಹಳೇ ವಾಹನದ ಡೀಲರುಗಳು ಆರ್.ಟಿ.ಓ. ಪ್ರಮಾಣಪತ್ರ ಪಡೆಯಬೇಕೆಂಬ ನಿಯಮ ಬಂದಿದೆ. ಅಂಥ ಡೀಲರಿಗೆ ಗಾಡಿ ಒಪ್ಪಿಸಿ ಫಾರಂ 29ಸಿ ಸಲ್ಲಿಸಿದರೆ, ಅಲ್ಲಿಂದಾಚೆಗೆ ಹೊಣೆ ಡೀಲರದು. ಪ್ರಮಾಣಪತ್ರ ಕೇಳಿದರೆ ಮುಖ ಗಂಟು ಹಾಕುವವರ ಕೈಗೆ ಕೀಲಿ ಬೇಡ.

ಕಮಲಾಪುರದಿಂದ ಕಲಬುರಗಿ ಆರ್.ಟಿ.ಓ. ಕಚೇರಿಗೆ ಒಂದು ದಿನದ ಓಡಾಟ, ಅಂಗಡಿಗೆ ಅರ್ಧ ದಿನ ಬಾಗಿಲು. ಕೋರ್ಟಿನ ಓಡಾಟ ವರ್ಷಗಟ್ಟಲೆ. ಯಾವುದು ಅಗ್ಗವೆಂದು ವ್ಯಾಪಾರಸ್ಥರಿಗೆ ಬೇರೆ ಹೇಳಬೇಕೆ?