ಸೋರುವ ಕೊಳವೆಯ ದುರಸ್ತಿ

ಬಚ್ಚಲು, ಶೌಚಗೃಹಗಳ ಕೊಳವೆಯ ಜೋಡಣೆಯಲ್ಲಿ ಜಿನುಗುವ ನೀರು ಅಲ್ಪವೆನಿಸಿದರೂ ಅದರ ಹಾನಿ ಅಲ್ಪವಲ್ಲ. ಗೋಡೆ ತೇವಗೊಂಡು ಗಾರೆ ಉದುರುವುದು. ನೆಲದಲ್ಲಿ ಇಂಗಿದ ಹೊಲಸು ನೀರು ಸಮೀಪದ ಬಾವಿಯನ್ನು ಸೇರಿದರೆ ಕಾಲರಾ, ವಿಷಮಶೀತಜ್ವರಗಳು ಹರಡಬಲ್ಲವು.

ಹೊರಗಿನಿಂದ ಸಿಮೆಂಟು ಮೆತ್ತುವುದು ಪರಿಹಾರವಲ್ಲ, ನುಣುಪಾದ ಪಿ.ವಿ.ಸಿ. ಕೊಳವೆಗೆ ಅದು ಭದ್ರವಾಗಿ ಅಂಟದೆ ಬಿರಿಯುವುದು. ನೀರಿನ ಬಳಕೆಯನ್ನು ನಿಲ್ಲಿಸಿ, ಸೋರುವ ಜೋಡಣೆಯನ್ನು ಕತ್ತರಿಸಿ ತೆಗೆದು, ಹೊಸದನ್ನು ಕೂಡಿಸುವುದೇ ಸರಿಯಾದ ಮಾರ್ಗ. ಕೂಡುವ ತುದಿಗಳನ್ನು ಒರೆಸಿ, ಪೂರ್ಣವಾಗಿ ಒಣಗಿಸಿ, ಎರಡೂ ಮೈಗಳಿಗೆ ಸಾಲ್ವೆಂಟ್ ಸಿಮೆಂಟನ್ನು ಸವರಿ, ತುಸು ತಿರುಗಿಸುತ್ತ ಒಳಗೊತ್ತಿ, ಅರ್ಧ ನಿಮಿಷ ಬಿಗಿಹಿಡಿದಿರಬೇಕು. ಈ ದ್ರವವು ಕೊಳವೆಯ ಮೈಯನ್ನೇ ಮೆದುಗೊಳಿಸಿ ಎರಡನ್ನೂ ಒಂದಾಗಿಸುವುದು. ತೇವವಿದ್ದಲ್ಲಿ ಬೆಸುಗೆ ನಿಲ್ಲದು. 24 ಗಂಟೆಗಳ ತರುವಾಯ ನೀರು ಹಾಯಿಸಿ, ಸಂದಿಗೆ ಒಣಕಾಗದವನ್ನು ಒತ್ತಿ ಪರೀಕ್ಷಿಸಬೇಕು.

ಕಣ್ಣಿಗೆ ಬೀಳದ ಎಡೆಯಲ್ಲಿ ನಡೆಯುವ ಈ ದುರಸ್ತಿಯೂ ಕಾಯಕವೇ ಸರಿ.